ಎಪ್ಪತ್ತೆಂಟು ದಿನದ ತಡ, ಒಂದು ಸುಳ್ಳು ಕಾಮಾಲೆ



ಸ್ವಲ್ಪ ಉದ್ದದ ಬರಹ. ಕೋರ್ಟು ಕಚೇರಿ ವಿಷಯ ನಮಗ್ಯಾಕೆ ಅಂತ ಮುಂದಕ್ಕೆ ಹೋಗಬೇಡಿ. ನಮ್ಮ ಕೇರಿಗಳ ಜಮೀನು ಹೋದದ್ದು ಬರೀ ದೊಣ್ಣೆಯಿಂದ ಅಲ್ಲ, ಕ್ಯಾಲೆಂಡರಿನಿಂದಲೂ ಹೋಗಿದೆ. ದೊಣ್ಣೆಯ ಕತೆ ನಾವು ವೇದಿಕೆ ಮೇಲೆ ಹೇಳ್ತೀವಿ. ಕ್ಯಾಲೆಂಡರಿನ ಕತೆ ಹೇಳೋರು ಕಡಿಮೆ.

ಹೋದ ತಿಂಗಳು ಸಂಘಟನೆಯ ಒಬ್ಬ ಹುಡುಗ ವಾಟ್ಸಾಪಿನಲ್ಲಿ ಒಂದು ಕಾಗದದ ಫೋಟೋ ಕಳಿಸಿದ. ಅವನ ದೊಡ್ಡಮ್ಮನ ಹೆಸರಿನಲ್ಲಿ ತಯಾರಾದ ಪ್ರಮಾಣಪತ್ರ. ಸಿವಿಲ್ ದಾವೆ ಸೋತಿದ್ದಾರೆ, ಅಪೀಲು ಹಾಕುವುದು 52 ದಿನ ತಡವಾಗಿದೆ, ಆ ತಡವನ್ನು ಮನ್ನಿಸಿ ಅಂತ ಅರ್ಜಿ. ಕಾರಣ ಅಂತ ಬರೆದದ್ದು, "ನನಗೆ ಟೈಫಾಯ್ಡ್ ಜ್ವರ ಬಂದು ಹಾಸಿಗೆ ಹಿಡಿದಿದ್ದರಿಂದ..."

ಫೋನ್ ಮಾಡಿ ಕೇಳಿದೆ. "ದೊಡ್ಡಮ್ಮಂಗೆ ಟೈಫಾಯ್ಡ್ ಬಂದಿತ್ತೇನಪ್ಪಾ?"

"ಇಲ್ಲಣ್ಣ. ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗಿದ್ರು. ತೀರ್ಪು ಬಂದಿದ್ದೇ ಗೊತ್ತಾಗಲಿಲ್ಲ. ಎಲ್ಲಾರೂ ಹಿಂಗೇ ಬರ್ಸೋದಂತೆ."

ಎಲ್ಲರೂ ಹೀಗೇ ಬರೆಸೋದು. ಆ ಮಾತು ಕೇಳಿ ನನಗೆ ಮೂವತ್ತು ವರ್ಷ ಹಿಂದಿನ ಒಂದು ಕೋರ್ಟ್ ಹಾಲು ಕಣ್ಮುಂದೆ ಬಂತು. ಮೊದಲು ಅದನ್ನ ಹೇಳಿಬಿಡ್ತೀನಿ.

*

ನಮ್ಮಜ್ಜ ಜೀತ ತೀರಿಸಿ, ಕೂಲಿ ಕೂಡಿಸಿ, ಕ್ರಯಕ್ಕೆ ಕೊಂಡ ಒಂದು ಎಕರೆ ಹತ್ತು ಗುಂಟೆ ಹೊಲ ಇತ್ತು. ಸರ್ಕಾರ ಮಂಜೂರು ಮಾಡಿದ ಜಮೀನಲ್ಲ, ದುಡ್ಡು ಕೊಟ್ಟು ಕೊಂಡದ್ದು. ಪಕ್ಕದ ಹೊಲದವರು ಅದು ತಮ್ಮದೇ ಅಂತ ದಾವೆ ಹಾಕಿದರು. ಮುನ್ಸಿಫ್ ಕೋರ್ಟಿನಲ್ಲಿ ಆರೇಳು ವರ್ಷ ನಡೆಯಿತು. 1994ರ ಡಿಸೆಂಬರ್ 2, ಶುಕ್ರವಾರ ನಮ್ಮಪ್ಪನ ವಿರುದ್ಧ ಡಿಕ್ರಿ ಆಯಿತು.

ಅವತ್ತು ನಮ್ಮಪ್ಪ ಕೋರ್ಟಿನಲ್ಲಿ ಇರಲಿಲ್ಲ. ಡಿಸೆಂಬರ್ ಅಂದರೆ ಕೊಡಗಿನ ಕಾಫಿ ಕುಯ್ಲು. ನಮ್ಮ ಕೇರಿಯ ಅರ್ಧ ಜನ ಗಂಟು ಮೂಟೆ ಕಟ್ಟಿ ಲಾರಿ ಹತ್ತಿದರೆ ಮತ್ತೆ ಬರೋದು ಶಿವರಾತ್ರಿಗೆ. ಅಪ್ಪ ಅವ್ವ ಇಬ್ಬರೂ ಹೋಗಿದ್ದರು. ನಾನು ಹೈಸ್ಕೂಲು, ಅಜ್ಜಿ ಜೊತೆ ಊರಲ್ಲಿದ್ದೆ. ವಕೀಲರ ಕಡೆಯಿಂದ ಒಂದು ಕಾರ್ಡು ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದಿದ್ದರೂ ನಮ್ಮ ಕೇರಿಗೆ ಅಂಚೆಯವನು ಬರುತ್ತಿರಲಿಲ್ಲ, ಊರೊಳಗಿನ ಅಂಗಡಿಯಲ್ಲಿ ಕೊಟ್ಟು ಹೋಗುತ್ತಿದ್ದ. ಆ ಅಂಗಡಿ ಯಾರ ಕಡೆಯವರದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಶಿವರಾತ್ರಿ ಕಳೆದ ಮೇಲೆ ಅಪ್ಪ ವಕೀಲರ ಹತ್ತಿರ ಹೋದರು. "ಬುದ್ಧೀ, ನಮ್ಮ ಕೇಸು ಏನಾಯ್ತು" ಅಂತ ಕೇಳಿದರು. ಸಿವಿಲ್ ಅಪೀಲಿಗೆ ಇದ್ದದ್ದು 30 ದಿನ. ಅದು ಜನವರಿ 1ಕ್ಕೇ ತೀರಿಹೋಗಿತ್ತು. ಸಾಲ ಮಾಡಿ, ತೀರ್ಪಿನ ನಕಲು ತೆಗೆಸಿ, ಅಪೀಲು ಹಾಕಿದ್ದು 1995ರ ಮಾರ್ಚ್ 20ಕ್ಕೆ. 78 ದಿನ ತಡ.

ತಡಕ್ಕೆ ಕಾರಣ ಬರೆಯಬೇಕಲ್ಲ. ಅಪ್ಪ "ಕಾಫಿ ತೋಟಕ್ಕೆ ಹೋಗಿದ್ದೆ ಬುದ್ಧಿ" ಅಂದರಂತೆ. "ಅದೆಲ್ಲಾ ಕಾರಣ ಅಲ್ಲಯ್ಯ, ಕಾಮಾಲೆ ಅಂತ ಬರೀತೀನಿ, ಸೈನ್ ಹಾಕು" ಅಂದರಂತೆ ವಕೀಲರು. ಅಪ್ಪನಿಗೆ ಸೈನ್ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದರು.

ಆ ಅರ್ಜಿಯ ವಿಚಾರಣೆ ದಿನ ನಾನೂ ಹೋಗಿದ್ದೆ. ಎದುರು ಪಕ್ಷದ ವಕೀಲರು ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ. "ಜನವರಿಯಲ್ಲಿ ನೀನು ಕೊಡಗಿನ ತೋಟದಲ್ಲಿ ಕೆಲಸ ಮಾಡ್ತಿದ್ದೆ, ನಿಜವೋ ಸುಳ್ಳೋ?"

ಅಪ್ಪ ಕೈ ಕಟ್ಟಿಕೊಂಡು ಹೇಳಿದರು. "ನಿಜ ಬುದ್ಧಿ, ಹೊಟ್ಟೆಪಾಡು."

ಅಷ್ಟೇ. ಅರ್ಜಿದಾರ ಸುಳ್ಳು ಕಾರಣ ಕೊಟ್ಟು ಬಂದಿದ್ದಾನೆ ಅಂತ 1996ರಲ್ಲಿ ಅರ್ಜಿ ವಜಾ ಆಯಿತು. ಅದರ ಜೊತೆಗೆ ಅಪೀಲೂ ಹೋಯಿತು. ಹೊಲ ಯಾರದು ಅನ್ನೋ ಪ್ರಶ್ನೆಯನ್ನ ಆ ಮೇಲಿನ ಕೋರ್ಟು ನೋಡಲೇ ಇಲ್ಲ. ಹೈಕೋರ್ಟಿಗೆ ಹೋಗಬಹುದಿತ್ತು. ಬೆಂಗಳೂರು ಅಂದರೆ ನಮಗೆ ಬೇರೆ ದೇಶ. ಅಲ್ಲಿಗೂ ಒಂದು ಗಡುವಿತ್ತು, ಅದೂ ಮುಗೀತು. ಕೋರ್ಟ್ ಅಮೀನರು ಬಂದು ಹೊಲ ಬಿಡಿಸಿಕೊಟ್ಟು ಹೋದರು.

ನಮ್ಮಪ್ಪ ಸಾಯೋವರೆಗೂ ಹೇಳುತ್ತಿದ್ದದ್ದು ಹೊಲದ ವಿಷಯ ಅಲ್ಲ. "ಕೋರ್ಟಲ್ಲಿ ನನ್ನ ಸುಳ್ಳುಗಾರ ಅಂದ್ಬುಟ್ರು ಕಣ್ಲಾ" ಅಂತ.

*

ಅಪೀಲು ಹಾಕಿದ ದಿನ ಮಾರ್ಚ್ 20. ಆ ತಾರೀಖಿನ ತೂಕ ಆಗ ನನಗೆ ಗೊತ್ತಿರಲಿಲ್ಲ. ಬಿ.ಎ. ಓದುವಾಗ, ದಲಿತ ಚಳವಳಿಯ ಹುಡುಗರ ಜೊತೆ ಸೇರಿದ ಮೇಲೆ ಗೊತ್ತಾಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನಲ್ಲಿ ಚೌದಾರ್ ಕೆರೆಯ ನೀರು ಮುಟ್ಟಿದರು.

ಆ ದಿನವನ್ನ ನಾವು ಪ್ರತಿ ವರ್ಷ ನೆನೀತೀವಿ. ಡಿಸೆಂಬರ್ 25ರ ಮನುಸ್ಮೃತಿ ದಹನವನ್ನೂ ನೆನೀತೀವಿ. ಇವೆರಡರ ಜೊತೆ ಒಂದು ಸಿವಿಲ್ ದಾವೆಯೂ ಇತ್ತು, ಅದು ಮೂರು ಕೋರ್ಟು ಹತ್ತಿ ಇಳಿಯಿತು ಅನ್ನೋದನ್ನ ನಮ್ಮ ಭಾಷಣಗಳಲ್ಲಿ ನಾನು ಕೇಳಿದ್ದು ಕಡಿಮೆ.

ಮಹಾಡ್ ಪುರಸಭೆ 1924ರಲ್ಲೇ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ನೀರು ಸವರ್ಣರ ಕೈಯಲ್ಲಿತ್ತು. ಮಾರ್ಚಿನಲ್ಲಿ ನಮ್ಮ ಜನ ನೀರು ಕುಡಿದರು, ಪೆಟ್ಟು ತಿಂದರು. ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹ ಅಂತ ತೀರ್ಮಾನ ಆಯಿತು. ಆಗ ಊರಿನ ಸವರ್ಣರು ಡಿಸೆಂಬರ್ 12ರಂದು ಮಹಾಡಿನ ಸಬ್ ಜಡ್ಜ್ ಕೋರ್ಟಿಗೆ ಹೋದರು. ಕೆರೆ ನಮ್ಮ ಖಾಸಗಿ ಸ್ವತ್ತು, ಅನಾದಿ ಕಾಲದಿಂದ ಅಸ್ಪೃಶ್ಯರು ಮುಟ್ಟಿಲ್ಲ, ಅದೇ ಪದ್ಧತಿ ಅಂತ ದಾವೆ. ಎರಡೇ ದಿನಕ್ಕೆ, 14ರಂದು, ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಎರಡು ದಿನ! ಸಾವಿರಾರು ಜನ ಮಹಾಡಿನಲ್ಲಿ ಸೇರಿದ್ದರೂ ಬಾಬಾಸಾಹೇಬರು ಕೋರ್ಟಿನ ಆಜ್ಞೆ ಮುರಿಯೋದು ಬೇಡ ಅಂತ ಜನರನ್ನ ಒಪ್ಪಿಸಿದರು.

1928ರ ಫೆಬ್ರವರಿಯಲ್ಲಿ ತಡೆಯಾಜ್ಞೆ ತೆರವಾಯಿತು. 1931ರ ಜೂನಿನಲ್ಲಿ ದಾವೆ ನಮ್ಮ ಪರ ಆಯಿತು. ಅಲ್ಲಿಗೆ ಮುಗೀಲಿಲ್ಲ. ಸವರ್ಣರು ಠಾಣೆಯ ಕೋರ್ಟಿಗೆ ಅಪೀಲು ಹೋದರು, 1933ರಲ್ಲಿ ಸೋತರು. ಬಾಂಬೆ ಹೈಕೋರ್ಟಿಗೆ ಎರಡನೇ ಅಪೀಲು ಹೋದರು. 1937ರ ಮಾರ್ಚ್ 17ರಂದು ಅದೂ ವಜಾ ಆಯಿತು. ಅನಾದಿ ಪದ್ಧತಿ ಅನ್ನೋದನ್ನ ಅವರು ರುಜುವಾತು ಮಾಡಿಲ್ಲ ಅಂತ ತೀರ್ಪು ಬರೆದವರು ಬ್ರೂಮ್‌ಫೀಲ್ಡ್. 1922ರಲ್ಲಿ ಗಾಂಧಿಗೆ ಆರು ವರ್ಷ ಶಿಕ್ಷೆ ಕೊಟ್ಟ ಜಡ್ಜ್ ಅವರೇ. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಅದೇ ಮುಂಬಯಿ ಪ್ರಾಂತ್ಯದಲ್ಲಿದ್ದವು, ಅದೇ ಹೈಕೋರ್ಟಿನ ಕೆಳಗೆ. ಹಾಗಾಗಿ ಆ ತೀರ್ಪು ನಮ್ಮ ನೆಲದ ತೀರ್ಪೂ ಹೌದು.

ಈಗ ನನ್ನ ಹಾಗೆ ಕಚೇರಿ ಕಣ್ಣಿಂದ ಆ ತಾರೀಖುಗಳನ್ನ ನೋಡಿ. ಸವರ್ಣರು ಎರಡು ಅಪೀಲು ಹಾಕಿದರು. ಎರಡೂ ಸೋತವು. ಆದರೆ ಎರಡರಲ್ಲೂ ಕೋರ್ಟು ಅವರ ವಾದ ಕೇಳಿ, ಸಾಕ್ಷ್ಯ ನೋಡಿ, ಆಮೇಲೆ ಸೋಲಿಸಿತು. ತಡವಾಯಿತು ಅಂತ ಬಾಗಿಲಲ್ಲೇ ವಾಪಸ್ ಕಳಿಸಲಿಲ್ಲ. ಯಾಕೆಂದರೆ ಅವರ ಹತ್ತಿರ ತೀರ್ಪಿನ ದಿನ ಕೋರ್ಟಿನಲ್ಲಿರಲು ಪುರುಸೊತ್ತಿತ್ತು, ನಕಲು ತೆಗೆಸಲು ದುಡ್ಡಿತ್ತು, ತಾರೀಖು ನೆನಪಿಡುವ ವಕೀಲರಿದ್ದರು. ಕೆಟ್ಟ ಕೇಸನ್ನೂ ಒಂಬತ್ತು ವರ್ಷ ಎಳೆದರು.

ಮಹಾಡಿನಲ್ಲಿ ನಮ್ಮ ಕಡೆ ಪ್ರತಿವಾದಿಯಾಗಿ ಬ್ಯಾರಿಸ್ಟರ್ ಅಂಬೇಡ್ಕರರೇ ಇದ್ದರು. ನಮ್ಮಪ್ಪನ ಕೇಸಿನಲ್ಲಿ ನಮ್ಮಪ್ಪ ಮಾತ್ರ ಇದ್ದರು.

*

ಈ ಗಡುವು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದೆ. ನಾನು ಎಲ್‌ಎಲ್‌ಬಿ ಓದಿಲ್ಲ. ಕಚೇರಿಯಲ್ಲಿ ಟಪಾಲು ನೋಡುವ ಗುಮಾಸ್ತ. ಬರೋ ಕಾಗದಕ್ಕೆ ಆವಕ ಸೀಲು, ಹೋಗೋ ಕಾಗದಕ್ಕೆ ಜಾವಕ ನಂಬರು. ಒಂದು ತಾರೀಖು ಸೀಲು ಏನು ಮಾಡಬಲ್ಲದು ಅಂತ ಮಾತ್ರ ಚೆನ್ನಾಗಿ ಗೊತ್ತು.

ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಥರದ ಕಾಲಮಿತಿ ಕಾಯ್ದೆ ಬಂದದ್ದು 1859ರಲ್ಲಿ. ಆಮೇಲೆ 1871, 1877, 1908ರಲ್ಲಿ ಹೊಸ ಹೊಸ ಕಾಯ್ದೆಗಳು. ಸ್ವಾತಂತ್ರ್ಯ ಬಂದ ಮೇಲೆ 1963ರ ಕಾಯ್ದೆ, ಜಾರಿಗೆ ಬಂದದ್ದು 1964ರ ಜನವರಿ 1ರಿಂದ. ಕಾಯ್ದೆ ಎಷ್ಟು ಸಲ ಬದಲಾದರೂ ಒಂದು ಬದಲಾಗಲಿಲ್ಲ. ಸಿವಿಲ್ ಡಿಕ್ರಿ ಮೇಲೆ ಜಿಲ್ಲಾ ಮಟ್ಟದ ಕೋರ್ಟಿಗೆ ಅಪೀಲು ಹೋಗೋಕೆ 30 ದಿನ, ಹೈಕೋರ್ಟಿಗೆ 90 ದಿನ. 1877ರಲ್ಲೂ ಅಷ್ಟೇ, ಇವತ್ತೂ ಅಷ್ಟೇ.

ಇದೇ ಕಾಯ್ದೆಯಲ್ಲಿ ಸರ್ಕಾರಕ್ಕೆ ಎಷ್ಟು ದಿನ ಗೊತ್ತಾ? ಸ್ಥಿರಾಸ್ತಿಯನ್ನ ಬೇರೆಯವರು ಅನುಭವಿಸುತ್ತಿದ್ದರೆ ವಾಪಸ್ ಕೇಳೋಕೆ ನಮ್ಮ ನಿಮ್ಮಂಥವರಿಗೆ 12 ವರ್ಷ. ಸರ್ಕಾರ ದಾವೆ ಹಾಕೋಕೆ 1908ರ ಕಾಯ್ದೆಯಲ್ಲಿ 60 ವರ್ಷ, 1963ರಲ್ಲಿ ಇಳಿಸಿ 30 ವರ್ಷ. ಕಚೇರಿ ತುಂಬ ಗುಮಾಸ್ತರನ್ನ ಇಟ್ಟುಕೊಂಡಿರೋ ಸರ್ಕಾರಕ್ಕೆ 30 ವರ್ಷ, ಓದು ಬಾರದ ಕೂಲಿಯವನಿಗೆ 12.

ಹಾಗಂತ ಗಡುವೇ ಬೇಡ ಅಂತ ನಾನು ಹೇಳ್ತಿಲ್ಲ. ಸಾಕ್ಷಿಗಳು ಸಾಯ್ತಾರೆ, ಕಾಗದ ಗೆದ್ದಲು ತಿನ್ನುತ್ತೆ. ಮಹಾಡಿನ ಸವರ್ಣರು ಇಪ್ಪತ್ತು ವರ್ಷ ಬಿಟ್ಟು ಅಪೀಲು ಹಾಕಬಹುದು ಅಂತಿದ್ದರೆ ನಮ್ಮ ಗೆಲುವು ಗಾಳಿಯಲ್ಲಿ ತೂಗುತ್ತಿತ್ತು. ಗೆದ್ದವನಿಗೂ ಒಂದು ದಿನ ನೆಮ್ಮದಿಯಾಗಿ ನಿದ್ದೆ ಮಾಡೋ ಹಕ್ಕಿದೆ. ನನ್ನ ತಕರಾರು ಬೇರೆ. ಗಡುವು ಮುಗಿದ ಮೇಲೆ ಯಾರ ಮಾತಿಗೆ ಬೆಲೆ, ಯಾರ ಮಾತಿಗೆ ಇಲ್ಲ ಅನ್ನೋದು ನನ್ನ ಪ್ರಶ್ನೆ.

ಯಾಕೆಂದರೆ ಕಾಯ್ದೆಯಲ್ಲೇ ಒಂದು ಕಿಟಕಿ ಇದೆ. ಅದು 5ನೇ ಕಲಂ. ಹೊಸ ದಾವೆಗೆ ಅದು ಅನ್ವಯ ಆಗಲ್ಲ. ಆದರೆ ಅಪೀಲು ತಡವಾದರೆ, ತಡಕ್ಕೆ "ಸಾಕಷ್ಟು ಕಾರಣ" ಇತ್ತು ಅಂತ ಕೋರ್ಟಿಗೆ ಮನವರಿಕೆ ಆದರೆ, ಅಪೀಲು ತಗೋಬಹುದು. ಸಾಕಷ್ಟು ಕಾರಣ ಅಂದರೇನು ಅಂತ ಕಾಯ್ದೆ ಪಟ್ಟಿ ಕೊಟ್ಟಿಲ್ಲ. ಕಾಮಾಲೆ ಅಂತಲೂ ಬರೆದಿಲ್ಲ, ಕಾಫಿ ಕುಯ್ಲು ಅಲ್ಲ ಅಂತಲೂ ಬರೆದಿಲ್ಲ. 1890ರ ಹೊತ್ತಿಗೇ ಮದ್ರಾಸ್ ಹೈಕೋರ್ಟು, ಕಕ್ಷಿದಾರನ ಕಡೆಯಿಂದ ಉದಾಸೀನವಾಗಲಿ ಕೆಟ್ಟ ಉದ್ದೇಶವಾಗಲಿ ಇಲ್ಲದಿದ್ದರೆ ಆ ಮಾತಿಗೆ ಉದಾರ ಅರ್ಥ ಕೊಡಬೇಕು ಅಂತ ಹೇಳಿಬಿಟ್ಟಿತ್ತು. 1961ರಲ್ಲಿ ರಾಮ್‌ಲಾಲ್ ವಿರುದ್ಧ ರೇವಾ ಕೋಲ್‌ಫೀಲ್ಡ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದ್ದದ್ದು ಒಂದೇ ಒಂದು ದಿನದ ತಡ. ಕೊನೇ ದಿನ ಕಾಯಿಲೆ ಬಿದ್ದಿದ್ದರು. ಮೊದಲ ದಿನದಿಂದ ಏನು ಮಾಡುತ್ತಿದ್ದೆ ಅಂತ ಕೇಳಬೇಕಿಲ್ಲ, ಗಡುವು ಮುಗಿದ ಮೇಲಿನ ತಡಕ್ಕೆ ವಿವರಣೆ ಕೊಟ್ಟರೆ ಸಾಕು ಅಂತ ಕೋರ್ಟು ಹೇಳಿತು.

*

ಇನ್ನು ಈ ಉದಾರತೆ ಯಾರ ಕೇಸಿನಲ್ಲಿ ಬೆಳೀತು ನೋಡಿ.

ತಡ ಮನ್ನಾ ಅರ್ಜಿ ಹಾಕುವ ವಕೀಲರೆಲ್ಲ ಎತ್ತಿ ಹೇಳುವ ತೀರ್ಪು 1987ರ ಕಾತಿಜಿ ಪ್ರಕರಣ. ದಿನದಿನದ ತಡಕ್ಕೆ ಲೆಕ್ಕ ಕೊಡಿ ಅನ್ನೋದನ್ನ ಪಂಡಿತರ ಹಾಗೆ ಹಿಡೀಬೇಡಿ, ತಾಂತ್ರಿಕತೆಗಿಂತ ನ್ಯಾಯ ದೊಡ್ಡದು ಅಂತ ಸುಪ್ರೀಂ ಕೋರ್ಟು ಹೇಳಿದ್ದು ಅದರಲ್ಲೇ. ಒಳ್ಳೇ ತೀರ್ಪು. ಆದರೆ ಅಲ್ಲಿ ತಡ ಮಾಡಿದ್ದು ಬಡವರಲ್ಲ, ಕಾಶ್ಮೀರದ ಅನಂತನಾಗ್‌ನ ಭೂಸ್ವಾಧೀನ ಕಲೆಕ್ಟರು. ಜಮೀನು ಕಳಕೊಂಡವರಿಗೆ ಹೆಚ್ಚು ಪರಿಹಾರ ಸಿಕ್ಕಿತು ಅಂತ ಸರ್ಕಾರ ಹಾಕಿದ ಅಪೀಲು ಅದು, ನಾಲ್ಕು ದಿನ ತಡ. ಮರುವರ್ಷ, 1988ರಲ್ಲಿ, ಬೆಂಗಳೂರಿನ ಭೂಸ್ವಾಧೀನದ್ದೇ ರಾಮೇಗೌಡ ಪ್ರಕರಣ. ಅಲ್ಲೂ ತಡ ಮಾಡಿದ್ದು ಸರ್ಕಾರ. ಸರ್ಕಾರ ಕೆಲಸ ಮಾಡೋ ರೀತಿಯೇ ಹಾಗಿರೋದರಿಂದ ಸ್ವಲ್ಪ ಸಡಿಲಿಕೆ ಕೊಡಬಹುದು ಅಂತ ಸುಪ್ರೀಂ ಕೋರ್ಟು ಒಪ್ಪಿತು.

ಕಚೇರಿಯಲ್ಲಿ ಕೂತು ನಾನು ಇಂಥ ಸರ್ಕಾರಿ ಪ್ರಮಾಣಪತ್ರಗಳನ್ನ ನೋಡಿದ್ದೀನಿ. ಕಡತ ಇಂಥ ಶಾಖೆಯಿಂದ ಇಂಥ ಶಾಖೆಗೆ ಹೋಯಿತು, ಅಭಿಪ್ರಾಯಕ್ಕೆ ಕಳಿಸಲಾಯಿತು, ಅಧಿಕಾರಿ ವರ್ಗಾವಣೆ ಆದರು, ಮತ್ತೆ ಮಂಡಿಸಲಾಯಿತು. ಒಂದು ಪದವೂ ಸುಳ್ಳಲ್ಲ. ಸರ್ಕಾರ ತನ್ನ ನಿಜವನ್ನೇ ಬರೆದು ಕ್ಷಮೆ ಕೇಳುತ್ತೆ. ನಮ್ಮಪ್ಪನಿಗೆ ತನ್ನ ನಿಜ ಬರೆಯೋ ಅವಕಾಶ ಸಿಗಲಿಲ್ಲ. ಕಡತ ಮೇಜಿಂದ ಮೇಜಿಗೆ ಅಲೆದದ್ದು ಕಾರಣ ಆಗುತ್ತೆ, ಮನುಷ್ಯ ಜಿಲ್ಲೆಯಿಂದ ಜಿಲ್ಲೆಗೆ ಕೂಲಿಗೆ ಅಲೆದದ್ದು ಕಾರಣ ಆಗಲ್ಲವಾ?

2012ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕಿವಿ ಹಿಂಡಿತು. ಅಂಚೆ ಇಲಾಖೆ 427 ದಿನ ತಡ ಮಾಡಿ ಬಂದಿದ್ದ ಕೇಸದು. ಕೆಂಪುಪಟ್ಟಿಯ ಹಳೇ ಕತೆ ಇನ್ನು ನಡೆಯಲ್ಲ, ಗಡುವು ಸರ್ಕಾರಕ್ಕೂ ಒಂದೇ ಅಂದಿತು. ಆದರೂ ಅಭ್ಯಾಸ ಹೋಗಲಿಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಕೊಡ್ತೀನಿ. ಕಲಬುರಗಿಯ ಒಂದು ಜಮೀನಿನ ಕೇಸಿನಲ್ಲಿ ಕರ್ನಾಟಕ ಗೃಹ ಮಂಡಳಿ ಎರಡನೇ ಅಪೀಲು ಹಾಕಿದ್ದು 3966 ದಿನ ತಡವಾಗಿ. ಹತ್ತಿರ ಹತ್ತಿರ ಹನ್ನೊಂದು ವರ್ಷ. ನಮ್ಮ ಹೈಕೋರ್ಟು ಅದನ್ನೂ ಮನ್ನಿಸಿತ್ತು! 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿ, ಸರ್ಕಾರಿ ಸಂಸ್ಥೆಗಳ ಆಲಸ್ಯಕ್ಕೆ ಹೈಕೋರ್ಟುಗಳು ಆಸರೆ ಆಗಬಾರದು ಅಂತ ಖಂಡಿಸಿತು.

ಆ ಸುದ್ದಿ ಓದಿದ ದಿನ ನಾನು ಟ್ರಂಕಿನಿಂದ ಅಪ್ಪನ ಕಾಗದ ತೆಗೆದು ನೋಡಿದೆ. 78 ದಿನ.

ಜನಸಾಮಾನ್ಯರಿಗೆ ಕೋರ್ಟು ಕನಿಕರ ತೋರಿಸೇ ಇಲ್ಲ ಅಂತ ಹೇಳಿದರೆ ಅದೂ ಸುಳ್ಳಾಗುತ್ತೆ. 1981ರಲ್ಲಿ ರಫೀಕ್ ಅನ್ನೋರ ಕೇಸಿನಲ್ಲಿ, ವಕೀಲನ ತಪ್ಪಿಗೆ ಹಳ್ಳಿಯ ಕಕ್ಷಿದಾರ ಯಾಕೆ ನರಳಬೇಕು ಅಂತ ಸುಪ್ರೀಂ ಕೋರ್ಟು ಕೇಳಿತು. 1998ರ ಬಾಲಕೃಷ್ಣನ್ ಕೇಸಿನಲ್ಲಿ 883 ದಿನದ ತಡ ಮನ್ನಾ ಆಯಿತು. ಎಷ್ಟು ದಿನ ಅನ್ನೋದಲ್ಲ, ಕಾರಣ ನಂಬುವಂಥದ್ದಾ ಅನ್ನೋದು ಮುಖ್ಯ ಅಂತ ಅಲ್ಲಿ ಹೇಳಲಾಯಿತು. ಆದರೆ ಗಾಳಿ ಈಗ ಬೇರೆ ಕಡೆ ಬೀಸ್ತಿದೆ. 2024ರ ಏಪ್ರಿಲಿನಲ್ಲಿ, ಆಂಧ್ರದಲ್ಲಿ ಜಮೀನು ಕಳಕೊಂಡವರ ವಾರಸುದಾರರು 5659 ದಿನ ತಡವಾಗಿ ಹಾಕಿದ ಅಪೀಲನ್ನ ಸುಪ್ರೀಂ ಕೋರ್ಟು ತಗೊಳ್ಳಲಿಲ್ಲ. ಕನಿಕರಕ್ಕೂ ಒಂದು ಮಿತಿ ಇದೆ ಅನ್ನೋದು ಈಗಿನ ಧೋರಣೆ.

ಗಡಿಯಾರ ನಿಲ್ಲಿಸೋಕೆ ಆಗಲ್ಲ ಅಂತಲ್ಲ. ಕೋವಿಡ್ ಬಂದಾಗ ಸುಪ್ರೀಂ ಕೋರ್ಟು ತಾನಾಗಿಯೇ ಇಡೀ ದೇಶದ ಗಡುವುಗಳನ್ನ ನಿಲ್ಲಿಸಿತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನ ಲೆಕ್ಕದಿಂದಲೇ ಬಿಡಿಸಿತು. ಜನ ಮನೆಯಿಂದ ಹೊರಗೆ ಬರೋಕಾಗಲ್ಲ, ವಕೀಲರನ್ನ ಕಾಣೋಕಾಗಲ್ಲ ಅಂತ ಕೋರ್ಟಿಗೆ ಅರ್ಥ ಆಯಿತು. ಸರಿಯಾದ ಕೆಲಸ. ಆದರೆ ವಕೀಲರನ್ನ ಕಾಣೋಕಾಗದ ಸ್ಥಿತಿ ನಮ್ಮ ಕೇರಿಗೆ ಪ್ರತಿ ಕುಯ್ಲಿಗೂ ಬರುತ್ತೆ, ಮಾಸ್ಕ್ ಇಲ್ಲದೆ.

*

ಪಿಟಿಸಿಎಲ್ ವಿಷಯ ನಿಮಗೆಲ್ಲ ಗೊತ್ತು. ಸಿವಿಲ್ ಅಪೀಲಿನ ಕಾನೂನು ಬೇರೆ, ಇದು ಬೇರೆ. ಆದರೂ ಕ್ಯಾಲೆಂಡರು ಅದೇ, ಅದಕ್ಕೇ ಎರಡು ಮಾತು.

1978ರ ಕಾಯ್ದೆ, 1979ರ ಜನವರಿ 1ರಿಂದ ಜಾರಿ. ಎಸ್ಸಿ-ಎಸ್ಟಿಗಳಿಗೆ ಮಂಜೂರಾದ ಜಮೀನನ್ನ ಷರತ್ತು ಮುರಿದು ಕೊಂಡಿದ್ದರೆ ವಾಪಸ್ ಕೊಡಿಸಬೇಕು ಅಂತ. ಅರ್ಜಿ ಹಾಕೋಕೆ ಕಾಯ್ದೆ ಗಡುವು ಇಟ್ಟಿರಲಿಲ್ಲ. ಬೇಕಂತಲೇ ಇಟ್ಟಿರಲಿಲ್ಲ ಅಂತ ನಾನು ನಂಬಿದ್ದೀನಿ, ಯಾಕೆಂದರೆ ಯಾರಿಗಾಗಿ ಆ ಕಾಯ್ದೆ ಮಾಡಿದರೋ ಅವರು ತಾರೀಖು ಹಿಡಿದು ಬದುಕಿದವರಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಡುವು ಇಲ್ಲದಿದ್ದರೂ "ಸಮಂಜಸ ಕಾಲ"ದೊಳಗೆ ಬರಬೇಕು, 25 ವರ್ಷ ತಡ ಆಯಿತು ಅಂದಿತು. ಆಮೇಲೆ ನಮ್ಮ ಜನರ ಕೇಸುಗಳು ಒಂದರ ಹಿಂದೆ ಒಂದು ಬಿದ್ದವು. ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವರಲ್ಲಿ ಈ ಪೋಸ್ಟ್ ಓದ್ತಿರೋ ನೀವೂ ಇದ್ದೀರಿ. 2023ರ ಜುಲೈನಲ್ಲಿ ತಿದ್ದುಪಡಿ ಬಂತು, ಈ ಕಾಯ್ದೆಗೆ ಕಾಲಮಿತಿ ಇಲ್ಲ ಅಂತ ಬರೆದೇಬಿಟ್ಟರು. ಗೆದ್ದೆವು ಅಂತ ಸಿಹಿ ಹಂಚಿದೆವು. 2024ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿನಾಕಾರಣ ಸುಮ್ಮನೆ ಕೂತ ವಿಳಂಬ ಬೇರೆ, ತಿದ್ದುಪಡಿ ಎರಡನೆಯದನ್ನ ತೆಗೆದಿಲ್ಲ ಅಂದಿತು.

ಅಂದರೆ ಮತ್ತೆ ಅದೇ ಪ್ರಶ್ನೆ. ಇಷ್ಟು ದಿನ ಎಲ್ಲಿದ್ದೆ? ಇದಕ್ಕೆ ನಮ್ಮ ಹತ್ತಿರ ಉತ್ತರ ಇದೆ. ಅದನ್ನ ದಾಖಲೆ ಸಮೇತ ಕೋರ್ಟಿಗೆ ಕೊಡೋ ಅಭ್ಯಾಸ ಮಾತ್ರ ನಾವು ಮಾಡಿಕೊಂಡಿಲ್ಲ.

*

ಕೊನೆಗೆ ಕೆಲಸದ ಮಾತು. ಸೇವ್ ಮಾಡಿಟ್ಟುಕೊಳ್ಳಿ.

1. ತೀರ್ಪಿನ ದಿನವೇ, ತಪ್ಪಿದರೆ ಮರುದಿನ, ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನಕಲು ಸಿದ್ಧವಾಗೋಕೆ ಬೇಕಾದ ದಿನಗಳನ್ನ 12ನೇ ಕಲಂ ಪ್ರಕಾರ 30 ದಿನದ ಲೆಕ್ಕದಿಂದ ಬಿಡ್ತಾರೆ. ಅರ್ಜಿ ಹಾಕೋಕೆ ಮುಂಚೆ ನೀವು ಕಳೆದ ದಿನ ಬಿಡಲ್ಲ. ನಕಲು ರೆಡಿ ಆದ ಮೇಲೆ ತರದೇ ಬಿಟ್ಟ ದಿನವೂ ಬಿಡಲ್ಲ.

2. ಗಡುವಿನ ಕೊನೇ ದಿನ ಕೋರ್ಟಿಗೆ ರಜೆ ಇದ್ದರೆ, ಕೋರ್ಟು ತೆರೆದ ದಿನ ಹಾಕಬಹುದು. ಆದರೆ ಅದನ್ನ ನಂಬಿಕೊಂಡು ಕೂರಬೇಡಿ.

3. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲಲ್ಲ, ತಡೆಯಾಜ್ಞೆ ಬೇಕು. ತಡವಾಗಿ ಹೋದರೆ ತಡ ಮನ್ನಾ ಅರ್ಜಿಯನ್ನ ಅಪೀಲಿನ ಜೊತೆಗೇ ಕೊಡಬೇಕು. ಅದು ತೀರ್ಮಾನ ಆಗಿ, ಅಪೀಲು ಕೇಳ್ತೀವಿ ಅಂತ ಕೋರ್ಟು ಹೇಳೋವರೆಗೂ ತಡೆಯಾಜ್ಞೆ ಸಿಗಲ್ಲ. ಅಷ್ಟರಲ್ಲಿ ಎದುರಿನವರು ಅಮಲ್ಜಾರಿ ಅರ್ಜಿ ಹಾಕಿ ಹೊಲಕ್ಕೆ ಇಳಿದಿರ್ತಾರೆ. ನಮ್ಮ ಹೊಲ ಹೋದದ್ದು ಹೀಗೇ.

4. ವಕೀಲರಿಗೆ ದುಡ್ಡಿಲ್ಲ ಅಂತ ದಿನ ಕಳೀಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರದ್ದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಎಸ್ಸಿ-ಎಸ್ಟಿಗಳಿಗೆ ಮತ್ತು ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತೆ, ಜಾತಿ ಪ್ರಮಾಣಪತ್ರ ಹಿಡಿದು ಹೋಗಿ. ನಮ್ಮಪ್ಪನ ಅರ್ಜಿ ವಜಾ ಆದಾಗ ಈ ಕಾಯ್ದೆ ಜಾರಿಯಲ್ಲೇ ಇತ್ತು. ನಮಗೆ ಹೇಳಿದವರಿಲ್ಲ.

5. ಕೇಸಿನ ಸಿಎನ್‌ಆರ್ ನಂಬರು ಮನೆಯ ಓದಿದ ಮಕ್ಕಳ ಫೋನಿನಲ್ಲಿರಲಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ತಾರೀಖು, ತೀರ್ಪಿನ ದಿನ ಎಲ್ಲಾ ಕಾಣುತ್ತೆ. ವಕೀಲರ ಫೋನಿಗೆ ಕಾಯಬೇಡಿ.

6. ತಡ ಆಗಿದ್ದರೆ ನಿಜ ಬರೆಸಿ. ಕೂಲಿಗೆ ಹೋಗಿದ್ದರೆ ಎಲ್ಲಿಗೆ, ಯಾವಾಗ ಹೋದಿರಿ, ಯಾವಾಗ ಬಂದಿರಿ, ತೀರ್ಪು ಯಾವ ದಿನ ಗೊತ್ತಾಯಿತು, ಗೊತ್ತಾದ ಮೇಲೆ ದಿನದಿನ ಏನು ಮಾಡಿದಿರಿ. ಹಾಜರಿ ಪುಸ್ತಕ, ಕೂಲಿ ಚೀಟಿ, ಬಸ್ ಟಿಕೆಟ್, ಮೇಸ್ತ್ರಿಯ ಪ್ರಮಾಣಪತ್ರ, ಏನು ಸಿಕ್ಕರೂ ಲಗತ್ತಿಸಿ. ನಿಜ ಬರೆದರೆ ಗೆದ್ದೇ ಗೆಲ್ತೀವಿ ಅಂತ ನಾನು ಮಾತು ಕೊಡಲ್ಲ. ಸುಳ್ಳು ಬರೆದರೆ ಒಂದು ಪ್ರಶ್ನೆಗೆ ಕುಸಿದು ಬೀಳುತ್ತೆ ಅನ್ನೋದನ್ನ ಮಾತ್ರ ಕಣ್ಣಾರೆ ಕಂಡಿದ್ದೀನಿ.

ಆ ಹುಡುಗನ ದೊಡ್ಡಮ್ಮನ ಮನೆಗೆ ಭಾನುವಾರ ಹೋಗಿದ್ದೆ. ಟೈಫಾಯ್ಡಿನ ಕಾಗದ ಬಿಟ್ಟು ಹೊಸದಾಗಿ ಬರೆಯೋಕೆ ಕೂತೆವು. "ಗಾರೆ ಕೆಲ್ಸ ಅಂತ ಬರುದ್ರೆ ಕೋರ್ಟ್ನೋರು ನಗಾಡಲ್ವೇನಪ್ಪಾ" ಅಂತ ಆಯಮ್ಮ ಕೇಳಿದರು. ಅಲ್ಲ ಕಣವ್ವಾ, ನಿನ್ನ ಕೆಲಸ ನೀನು ಮಾಡ್ತಿದ್ದೆ, ಅದನ್ನೇ ಬರೀತಿದ್ದೀವಿ ಅಂದೆ. ಮೇಸ್ತ್ರಿಯ ಹತ್ತಿರ ಹಾಜರಿ ಪುಸ್ತಕದ ಫೋಟೋ ತರಿಸಿದೆವು. ಕಾನೂನು ಸೇವೆಗಳ ಸಮಿತಿಯಿಂದ ವಕೀಲರು ಸಿಕ್ಕಿದ್ದಾರೆ. ಅರ್ಜಿ ಹೋಗಿದೆ, ವಿಚಾರಣೆಗೆ ಇನ್ನೂ ತಾರೀಖು ಬಂದಿಲ್ಲ. ಏನಾಗುತ್ತೋ ನೋಡೋಣ. ಬಂದ ದಿನ ನಾನು ರಜೆ ಹಾಕಿ ಆ ಹಾಲಿನಲ್ಲಿ ಕೂರ್ತೀನಿ.

ನಿಮ್ಮ ಕೇರಿಯಲ್ಲಿ ಯಾರ ಮನೇಲಾದರೂ ಹೊಸದಾಗಿ ಬಂದ ತೀರ್ಪಿನ ಕಾಗದ ಟ್ರಂಕಿನಲ್ಲಿ ಮಡಚಿಟ್ಟಿದ್ದರೆ, ಇವತ್ತು ರಾತ್ರಿಯೇ ತೆಗೆಸಿ ತಾರೀಖು ನೋಡಿ. ಗೊತ್ತಾಗದಿದ್ದರೆ ಇನ್‌ಬಾಕ್ಸಿಗೆ ಬನ್ನಿ.

ಜೈಭೀಮ್.